ಬಸ್ಸು ಹೋದರೂ ಉಳಿದ ರಂಗೋಲಿ

ಬೆಳಗಿನ ಬಸ್ಸು ಮಣ್ಣುರಸ್ತೆಯಲ್ಲಿ ಹಾದುಹೋಯಿತು. ದೂಳು ಏಳಲಿಲ್ಲ. ರಸ್ತೆಗೇ ಅಂಟಿಕೊಂಡ ಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬರು ಆಗಷ್ಟೇ ಹಾಕಿದ್ದ ರಂಗೋಲಿಯ ಒಂದು ಎಳೆಯೂ ಮಾಸಿರಲಿಲ್ಲ. ಅವರು ನನ್ನ ಕೈ ಹಿಡಿದು ಎಳೆದರು.

"ನೋಡವ್ವ, ಬಸ್ ಹೋದ್ರೂ ಹಂಗೇ ಐತೆ!"

ಜಗಳೂರು ಕಡೆಯ ಆ ಹಳ್ಳಿಯ ರಸ್ತೆಗೆ ಹಿಂದಿನ ದಿನ ಕಂದು ದ್ರವ ಸಿಂಪಡಿಸಿದ್ದವಳು ನಾನು. ಕಾಗದಕ್ಕಾಗಿ ಮರ ಬೇಯಿಸಿದಾಗ ಉಳಿಯುವ ಕಪ್ಪು ರಸದಲ್ಲಿ ಮರದ ನಾರುಗಳನ್ನು ಬೆಸೆದಿಟ್ಟಿದ್ದ ಅಂಟು ಇರುತ್ತದೆ. ರಾಸಾಯನಿಕವಾಗಿ ಮಾರ್ಪಡಿಸಿ ನೀರಲ್ಲಿ ಕರಗುವಂತೆ ಮಾಡಿದರೆ ಅದು ದೂಳನ್ನು ಹಿಡಿದಿಡುತ್ತದೆ. ನಮ್ಮ ಪ್ರಯೋಗಾಲಯದ ಕೆಲಸ ಅದು. ಅಜ್ಜಿಯ ಮೊಮ್ಮಗಳಿಗೆ ಉಬ್ಬಸ. ದೂಳಿಗೆ ಹೆದರಿ ಅವಳನ್ನು ಬಾಗಿಲು ಹಾಕಿ ಒಳಗೇ ಕೂರಿಸುತ್ತಿದ್ದರಂತೆ. ಅವತ್ತು ಮಗು ಹೊಸ್ತಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿತ್ತು.

ನೋಡಿ ಖುಷಿಗಿಂತ ಸಂಕಟವೇ ಹೆಚ್ಚಾಯಿತು. ನೀರಲ್ಲಿ ಕರಗುವುದು ಮಳೆಯಲ್ಲೂ ಕರಗುತ್ತದಲ್ಲ!

"ಅಜ್ಜಿ, ಜೋರು ಮಳೆ ಬಂದ್ರೆ ಇದೆಲ್ಲ ತೊಳದು ಹೋಗ್ತೈತೆ" ಎಂದೆ.

ಅಜ್ಜಿ ನಕ್ಕರು. "ಹೋಗ್ಲಿ ಬಿಡವ್ವ. ರಂಗೋಲಿನೂ ಅಳಿಸಿ ಹೋಗ್ತೈತೆ, ದಿನಾ ಹಾಕಲ್ವಾ ನಾನು? ನೀನೂ ಬಂದು ಹಾಕಿ ಹೋಗು."

ಮಳೆಗೂ ಜಗ್ಗದ ಅಂಟನ್ನು ಈಗಲೂ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ, ಮಳೆಗಾಲ ಮುಗಿದೊಡನೆ ಡ್ರಮ್ಮು ಹೇರಿಕೊಂಡು ಆ ಬಾಗಿಲಿಗೆ ಹೋಗುತ್ತೇನೆ. ಅಜ್ಜಿ ರಂಗೋಲಿ ಬಟ್ಟಲು ಹಿಡಿದು, ನನ್ನ ಕೆಲಸ ಮುಗಿಯುವುದನ್ನೇ ಕಾಯುತ್ತ ನಿಂತಿರುತ್ತಾರೆ.