ನೀರು ಬಿಡಿ ಎಂದು ಬರೆದವಳು ನಾನು

ಆ ಶಬ್ದವನ್ನು ನಾನು ಆಮೇಲೆ ಸೇರಿಸಿದೆ. ಮೂರೇ ಅಕ್ಷರ— 'ಹೊರಗೆ'. ಬೆಳಗಿನ ಹೊತ್ತಿನಲ್ಲಿ, ಕೈ ಕೂಡ ನಡುಗದೆ, ನನ್ನ ಎಂದಿನ ದುಂಡನೆಯ ಬರವಣಿಗೆಯಲ್ಲಿ ಸೇರಿಸಿದೆ. ಅದರಿಂದ ಸುಜಾತಾ ಎಂಬ ಹುಡುಗಿಯ ಕೆಲಸ ಹೋಯಿತು. ಕೆಲಸಕ್ಕಿಂತ ದೊಡ್ಡದೊಂದು ಹೋಗಿತ್ತು ಎನ್ನುವುದು ನನಗೆ ತಿಳಿದದ್ದು ಈ ವರ್ಷ. ಆರು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಹೇಳಬೇಕೆಂದು ಅನಿಸಲಿಲ್ಲ ಅಂತಲ್ಲ— ಅನಿಸಿದಾಗಲೆಲ್ಲ ಬೇರೆ ಯಾವುದಾದರೂ ಕೆಲಸ ಹಚ್ಚಿಕೊಂಡೆ.

ನಾನು ಬೈಲಹೊಂಗಲದವಳು. ಊರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರಲ್ಲಿ ಬಹಳ ವರ್ಷ ನಾನೊಬ್ಬಳೇ ಹೆಂಗಸು. ನನ್ನ ಅಕ್ಷರದ ಬಗ್ಗೆ ನನಗೆ ಜಂಭವಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಲೇಜಿನ ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವುದು ಇವತ್ತಿಗೂ ನಾನೇ. ಯಾರಾದರೂ 'ಮೇಡಂ, ಮುತ್ತಿನಂಥ ಅಕ್ಷರ' ಎಂದರೆ, ಇಷ್ಟು ವಯಸ್ಸಾದರೂ, ಒಳಗೊಳಗೆ ಉಬ್ಬುತ್ತೇನೆ.

ಆಗ ನಮ್ಮ ಕೈಗೆ ಒಂದು ಫ್ಯೂಯೆಲ್ ಸೆಲ್ ಯಂತ್ರ ಬಂದಿತ್ತು. ಒಂದು ದೊಡ್ಡ ಟ್ರಂಕಿನಷ್ಟು ಗಾತ್ರ. ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿ ಕೊಟ್ಟರೆ ಅದು ಕರೆಂಟು ಮಾಡುತ್ತದೆ. ಹೊಗೆ ಇಲ್ಲ, ಸದ್ದಿಲ್ಲ. ಆದರೆ ಕರೆಂಟಿನ ಜೊತೆಗೆ ಎರಡು ವಸ್ತು ಹುಟ್ಟುತ್ತವೆ— ನೀರು ಮತ್ತು ಬಿಸಿ. ಫ್ಯೂಯೆಲ್ ಸೆಲ್ ನಡೆಸುವುದೆಂದರೆ ಮುಖ್ಯವಾಗಿ ಈ ಎರಡನ್ನು ಸಂಭಾಳಿಸುವುದು. ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪೊರೆಗಳಿರುತ್ತವೆ. ಅವು ಸದಾ ಒದ್ದೆಯಾಗಿರಬೇಕು, ಒಣಗಿದರೆ ಬಿರುಕು ಬಿಡುತ್ತವೆ. ಆದರೆ ನೀರು ಹೆಚ್ಚಾದರೆ ಗಾಳಿ ಹೋಗುವ ದಾರಿಗಳೆಲ್ಲ ಮುಚ್ಚಿ, ಉಸಿರು ಕಟ್ಟಿ, ಪೊರೆ ಸುಟ್ಟೇ ಹೋಗುತ್ತದೆ.

ನಾನು ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು, ಬಾಣ ಹಾಕಿ ಅರ್ಧ ತಾಸು ವಿವರಿಸಿದ ದಿನ ಸುಜಾತಾ ಒಂದೇ ಮಾತಿನಲ್ಲಿ ಮುಗಿಸಿದಳು.

"ನಮ್ಮ ಕಡೆ ಎರಿ ಮಣ್ಣಿನ ಹೊಲ ಇದ್ದಂಗ್ರಿ ಮೇಡಂ. ಒಣಗಿದ್ರ ಬಿರಕು, ಹೆಚ್ಚಾದ್ರ ರಾಡಿ. ಹದ ನೋಡಬೇಕ್ರಿ."

ನಾನು ಬೋರ್ಡು ಒರೆಸಿದೆ. ಅಂದಿನಿಂದ ಪಾಠದಲ್ಲಿ ಆ ಮಾತನ್ನು ನನ್ನದೇ ಎಂಬಂತೆ ಹೇಳುತ್ತ ಬಂದಿದ್ದೇನೆ— ಅದೂ ಒಂದು ಕಳವೇ, ಸಣ್ಣದು.

ಸುಜಾತಾ ಮುನವಳ್ಳಿಯವಳು. ಡಿಪ್ಲೊಮಾ ಮುಗಿಸಿ ನಮ್ಮಲ್ಲಿ ತಾತ್ಕಾಲಿಕವಾಗಿ ಸಹಾಯಕಿಯಾಗಿದ್ದಳು. ಅವಳ ತಂದೆ ಮಲಪ್ರಭೆಯ ಕಾಲುವೆಯ ಮೇಲೆ ಸರದಿಯಂತೆ ಹೊಲಗಳಿಗೆ ನೀರು ಬಿಡುವ ಕೆಲಸದವರು. ಅವರದು ಅಜ್ಜನ ಕಾಲಕ್ಕೇ ಬೌದ್ಧರಾದ ಮನೆತನ. ನಮ್ಮದು ಹಿಂದಿನಿಂದಲೂ ಹೊಲಮನೆ ಇದ್ದ ಮನೆತನ. ಇದನ್ನೇಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಯಂತ್ರದ ಪರೀಕ್ಷೆ ಮುಗಿದ ಮೇಲೆ ಅದನ್ನು ಮುನವಳ್ಳಿ ಹತ್ತಿರದ ಒಂದು ದವಾಖಾನೆಯಲ್ಲಿ, ಲಸಿಕೆ ಇಡುವ ಫ್ರಿಜ್ಜಿಗೆ ಜೋಡಿಸುವುದು ಎಂದಾಗಿತ್ತು. ಅದನ್ನು ನೋಡಿಕೊಳ್ಳುವ ಕಾಯಂ ಕೆಲಸ ಸುಜಾತಾಳಿಗೆ— ಇದೂ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ತನ್ನ ಊರಿನ ದವಾಖಾನೆಯಲ್ಲಿ, ತಾನೇ ಬಲ್ಲ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ದಿನಕ್ಕಾಗಿ ಅವಳು ಕಾಯುತ್ತಿದ್ದಳು. ಅವಳಪ್ಪ ಆ ಕೋಣೆಯನ್ನು ಆಗಲೇ ಎರಡು ಸಲ ನೋಡಿ ಬಂದಿದ್ದರಂತೆ.

ಆ ಬೇಸಿಗೆಯಲ್ಲಿ ನನಗೆ ಧಾರವಾಡದಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಬಂತು. ಅಲ್ಲಿ ಫೋನು ಹೊರಗೇ ಇಟ್ಟು ಒಳಗೆ ಹೋಗಬೇಕು. ಹಾಗಾಗಿ ಯಂತ್ರದ ಪಕ್ಕದ ಗೋಡೆಗೆ ಒಂದು ಹಾಳೆ ಬರೆದು ಅಂಟಿಸಿದೆ. ಏನೇನು ಮಾಡಬೇಕು ಎಂದು ಎಂಟು ಸಾಲು, ಎಲ್ಲ ಕನ್ನಡದಲ್ಲಿ. ಬರೆದು ಮುಗಿಸಿ, ನೆಟ್ಟಗೆ ಬಂದಿದೆ ಅನಿಸಿ, ಫೋನಿನಲ್ಲಿ ಒಂದು ಫೋಟೋ ಕೂಡ ತೆಗೆದುಕೊಂಡೆ. ಆರನೆಯ ಸಾಲು ಹೀಗಿತ್ತು:

'ಬಿಸಿ ಅರವತ್ತೈದು ದಾಟಿದರೆ ಫ್ಯಾನ್ ಜೋರು ಮಾಡಿ, ನೀರು ಬಿಡಿ.'

ಫ್ಯಾನ್ ಜೋರಾದರೆ ಯಂತ್ರ ತಣಿಯುತ್ತದೆ, ತಣಿದಾಗ ಒಳಗಿನ ಹಬೆ ನೀರಾಗುತ್ತದೆ. ಆ ನೀರನ್ನು ಕೆಳಗಿನ ವಾಲ್ವ್ ತೆರೆದು ಹೊರಗೆ ಹಾಕಬೇಕು. ನನ್ನ ಮನಸ್ಸಿನಲ್ಲಿದ್ದದ್ದು ಅದು. ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದನ್ನು ಕನ್ನಡಕ್ಕೆ ತಿರುಗಿಸಿ 'ಬಿಡಿ' ಎಂದೆ.

ಆದರೆ ನಮ್ಮ ಊರುಗಳಲ್ಲಿ 'ನೀರು ಬಿಡು' ಅಂದರೆ ಏನು? ನಳಕ್ಕೆ ನೀರು ಬರುವ ದಿನ ಓಣಿಯಲ್ಲಿ ಯಾರಾದರೊಬ್ಬರು 'ನೀರ ಬಿಟ್ಟಾರ' ಎಂದು ಕೂಗುತ್ತಾರೆ, ಮನೆಮನೆಯಿಂದ ಕೊಡ ಹೊರಬೀಳುತ್ತವೆ. ಕಾಲುವೆಗೆ ನೀರ ಬಿಟ್ಟಾರ, ಹೊಲಕ್ಕ ನೀರ ಬಿಡಬೇಕು— ನೀರು ಬಿಡುವುದೆಂದರೆ ಕೊಡುವುದು, ಒಳಗೆ ಹಾಯಿಸುವುದು. ನನಗಿದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಆ ಕೂಗಿಗೆ ಕೊಡ ಹಿಡಿದು ಓಡಿದವಳೇ ನಾನು.

ನಾನು ಧಾರವಾಡದಲ್ಲಿದ್ದ ಒಂದು ಮಧ್ಯಾಹ್ನ ಯಂತ್ರವಿದ್ದ ತಗಡಿನ ಶೆಡ್ಡಿನಲ್ಲಿ ಬಿಸಿ ಏರಿತು. ಸುಜಾತಾ ಒಬ್ಬಳೇ ಇದ್ದಳು. ನನಗೆ ಫೋನು ಮಾಡಿದಳು, ಹತ್ತಲಿಲ್ಲ. ಹಾಳೆ ನೋಡಿದಳು. ಫ್ಯಾನ್ ಜೋರು ಮಾಡಿದಳು. ಆಮೇಲೆ ಮೇಲಿನ ವಾಲ್ವ್ ತೆರೆದಳು— ಪೊರೆಗೆ ತೇವ ಕೊಡುವ ನೀರಿನದು. ಬಿಸಿಯಾದರೆ ಪೊರೆ ಒಣಗುತ್ತದೆ, ಒಣಗಲು ಬಿಡಬಾರದು ಎಂದು ಪಾಠ ಹೇಳಿದವಳೂ ನಾನೇ ತಾನೆ. ಕಾಲುವೆಯವರ ಮಗಳು ಬಿಸಿಲಿಗೆ ಒಣಗುತ್ತಿದ್ದುದಕ್ಕೆ ನೀರು ಬಿಟ್ಟಳು. ಯಂತ್ರ ಒಳಗೇ ಮುಳುಗಿತು. ಇಪ್ಪತ್ತು ನಿಮಿಷದಲ್ಲಿ ಪೊರೆಗಳು ಸುಟ್ಟು ಎಲ್ಲ ನಿಂತಿತು.

ಸಂಜೆ ಹೊರಬಂದು ಫೋನು ತೆಗೆದಾಗ ಸುದ್ದಿ ತಿಳಿಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಶೆಡ್ಡಿಗೆ ಹೋದೆ. ಹನ್ನೊಂದಕ್ಕೆ ವಿಭಾಗದ ಮುಖ್ಯಸ್ಥರೂ ಯಂತ್ರ ಕೊಟ್ಟವರ ಕಡೆಯ ಇಬ್ಬರೂ ಬರುವವರಿದ್ದರು. ಮೇಜಿನ ಮೇಲೆ ದಿನಚರಿ ಪುಸ್ತಕ ತೆರೆದಿತ್ತು. ಸುಜಾತಾಳ ಅಕ್ಷರದಲ್ಲಿ— 'ಬಿಸಿ ಅರವತ್ತಾರು. ಫ್ಯಾನ್ ಜೋರು. ಹಾಳೆಯಂತೆ ನೀರು ಬಿಟ್ಟೆ.' ಓದಿದೆ, ಗೋಡೆ ನೋಡಿದೆ, ಎಲ್ಲ ತಿಳಿಯಿತು. ತಪ್ಪು ಅವಳದಲ್ಲ, ನನ್ನ ಶಬ್ದದ್ದು. ಅಷ್ಟೇ ಹೇಳಿದ್ದರೆ ಏನಾಗುತ್ತಿತ್ತು? ಒಂದಿಷ್ಟು ನಗುತ್ತಿದ್ದರು. ಕನ್ನಡದಲ್ಲಿ ಬರೆದದ್ದೇಕೆ ಎನ್ನುತ್ತಿದ್ದರು. ಹೆಂಗಸಿನ ಕೈಗೆ ಯಂತ್ರ ಕೊಟ್ಟದ್ದೇಕೆ ಎಂದು, ನನ್ನ ಮುಂದಲ್ಲದಿದ್ದರೂ, ಹಿಂದೆ—

ಇದನ್ನು ಕಾರಣವೆಂದು ಬರೆಯುತ್ತಿಲ್ಲ. ಆಗ ತಲೆಯಲ್ಲಿ ಇದ್ದದ್ದನ್ನು ಬರೆಯುತ್ತಿದ್ದೇನೆ.

ಹಾಳೆ ಬರೆದ ಅದೇ ಪೆನ್ನು ಕಿಸೆಯಲ್ಲಿತ್ತು. 'ನೀರು' ಮತ್ತು 'ಬಿಡಿ' ನಡುವೆ ಜಾಗವಿರಲಿಲ್ಲ. ಕೆಳಗೆ ಒಂದು ಸಣ್ಣ ಗುರುತು ಹಾಕಿ, ಸಾಲಿನ ಮೇಲೆ ಬರೆದೆ— ಹೊರಗೆ. ಬರೆಯುವಾಗ ಮರೆತ ಶಬ್ದವನ್ನು ಆಗಲೇ ಸೇರಿಸಿದಂತೆ ಕಂಡಿತು. ಅಷ್ಟು ಅಚ್ಚುಕಟ್ಟಾಗಿ ಬಂದಿತ್ತು.

ಹನ್ನೊಂದಕ್ಕೆ ಎಲ್ಲರೂ ಆ ಹಾಳೆಯ ಮುಂದೆ ನಿಂತೆವು. ಮುಖ್ಯಸ್ಥರು ಸುಜಾತಾಳನ್ನು ಕೇಳಿದರು, "ಇಷ್ಟು ಸ್ವಚ್ಛ ಬರ್ದಾರ. ಓದಲಿಲ್ಲೇನು ನೀ?"

"ಓದೇನ್ರಿ ಸರ್." ಅವಳು ಹಾಳೆಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. "ನಿನ್ನೆ ಈ ಶಬ್ದ ಇರಲಿಲ್ರಿ."

ಯಾರೋ ನಕ್ಕರು. ಅವಳು ನನ್ನ ಕಡೆ ತಿರುಗಿದಳು. "ಮೇಡಂ, ನೀವರೆ ಹೇಳ್ರಿ."

ನಾನು ಹೇಳಿದ್ದು ಇಷ್ಟು: "ಬರ್ದದ್ದು ಕಣ್ಣ ಮುಂದ ಐತೆಲ್ಲಾ ಸುಜಾತಾ. ನಾ ಬ್ಯಾರೆ ಏನ್ ಹೇಳ್ಲಿ?"

ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ನೋಡಿದರೆ ಅದರಲ್ಲಿ ಒಂದೂ ಸುಳ್ಳು ಶಬ್ದವಿಲ್ಲ— ಇಡೀ ಮಾತೇ ಸುಳ್ಳು. ಇನ್ನೊಂದನ್ನೂ ಹೇಳಬೇಕು. ಅವರು ನನ್ನನ್ನು ಎಷ್ಟು ಬೇಗ ನಂಬಿದರು! ಪುಸ್ತಕ ತಿರುವಲಿಲ್ಲ, ಶಾಯಿ ನೋಡಲಿಲ್ಲ. ನನ್ನ ಮನೆತನ ಯಾವುದು, ಅವಳದು ಯಾವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ನಂಬಿಕೆ ಸಿಗುತ್ತದೆ ಎಂದು ಪೆನ್ನು ತೆಗೆಯುವಾಗಲೇ ನನಗೂ ಗೊತ್ತಿತ್ತು. ತನ್ನ ಅಜ್ಜಿ ಬಾವಿಯಿಂದ ದೂರ, ಹೊರಗೆ ನಿಂತು, ಯಾರಾದರೂ ಕೊಡಕ್ಕೆ ನೀರು ಹಾಕಲಿ ಎಂದು ಕಾಯುತ್ತಿದ್ದಳೆಂದು ಸುಜಾತಾ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದಳು. ಹೊರಗೆ ಎಂಬ ಶಬ್ದ ಅವರ ಮನೆಗೆ ಹೊಸದಲ್ಲ. ಅದನ್ನು ಮತ್ತೊಮ್ಮೆ ಬರೆದವಳು ನಾನು.

ವಾರದೊಳಗೆ ಅವಳನ್ನು ಬಿಡಿಸಿದರು. ದವಾಖಾನೆಯ ಕೆಲಸಕ್ಕೂ ಎಳ್ಳುನೀರು ಬಿಟ್ಟಂತಾಯಿತು. ಒಂದು ವರ್ಷದ ಮೇಲೆ ಬೇರೆ ಯಂತ್ರ ಬಂತು, ಬೇರೆ ಯಾರೋ ಅಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಾನು ಅದರ ಮೇಲೆ ಒಂದು ಪ್ರಬಂಧ ಬರೆದೆ. ತಣಿಸುವಾಗ ನೀರನ್ನು ಹೇಗೆ ಸಂಭಾಳಿಸಬೇಕು— ಅದೇ ವಿಷಯ. ಮೆಚ್ಚಿಕೊಂಡರು.

ಈ ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬರು ಮಾತಿಗೆ ಅಂದರು— ಕಿತ್ತೂರಿನ ಹೆದ್ದಾರಿ ಪಕ್ಕ ಸುಜಾತಾ ರೇಡಿಯೇಟರ್ ರಿಪೇರಿಯ ಅಂಗಡಿ ಹಾಕಿದ್ದಾಳೆ, ಕೈ ಒಳ್ಳೆಯದು, ಲಾರಿಯವರು ಹುಡುಕಿಕೊಂಡು ಹೋಗುತ್ತಾರೆ ಎಂದು. ಎರಡು ವಾರ ಸುಮ್ಮನಿದ್ದೆ. ಆಮೇಲೆ ಒಂದು ಮುಂಜಾನೆ ಕಾರು ತೆಗೆದುಕೊಂಡು ಹೋದೆ.

ಅವಳು ಗುರುತು ಹಿಡಿದಳು. ಸ್ಟೂಲು ಒರೆಸಿ ಹಾಕಿ "ಕುಂದರ್ರಿ ಮೇಡಂ" ಎಂದಳು. ಪಕ್ಕದಿಂದ ಚಾ ತರಿಸಿದಳು. ನಾನು ಹೇಡಿ. ಕಾರು ಬಿಸಿಯಾಗುತ್ತಿದೆ ಎಂದೆ. ಅವಳು ಬಾನೆಟ್ ಎತ್ತಿದಳು, ಪೈಪು ಮುಟ್ಟಿ ನೋಡಿದಳು, ಇಂಜಿನ್ ಚಾಲೂ ಮಾಡಿಸಿ ಕಿವಿ ಕೊಟ್ಟಳು. ಅಷ್ಟರಲ್ಲಿ ಅಂಗಡಿಯ ಗೋಡೆ ನನ್ನ ಕಣ್ಣಿಗೆ ಬಿತ್ತು. ಎರಡು ನೀರಿನ ಪೈಪು ನೇತು ಹಾಕಿದ್ದಳು. ಪ್ರತಿಯೊಂದರ ಮೇಲೂ ಕೆಂಪು ಬಣ್ಣದಲ್ಲಿ, ಎರಡೆರಡು ಕಡೆ ಬರೆದಿತ್ತು. ಒಂದರ ಮೇಲೆ 'ಒಳಗೆ', ಇನ್ನೊಂದರ ಮೇಲೆ 'ಹೊರಗೆ'.

ಅವಳು ಬಾನೆಟ್ ಮುಚ್ಚಿದಳು. "ಗಾಡಿಗೇನೂ ಆಗಿಲ್ರಿ. ನೀವ್ ಯಾಕ ಬಂದ್ರಿ, ಅದನ್ನ ಹೇಳ್ರಿ."

ನಾನು ಫೋನು ತೆಗೆದು, ಹಾಳೆ ಅಂಟಿಸಿದ ದಿನದ ಆ ಫೋಟೋ ತೋರಿಸಿದೆ. ಮೂರು ಫೋನು ಬದಲಾದರೂ ಅದನ್ನು ಅಳಿಸಲು ನನ್ನಿಂದ ಆಗಿರಲಿಲ್ಲ. ಅವಳು ಕೈಯ ಗ್ರೀಸು ಒರೆಸಿಕೊಂಡು ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು. ಆರನೆಯ ಸಾಲು. 'ನೀರು ಬಿಡಿ.' ನಡುವೆ ಏನೂ ಇಲ್ಲ. "ಆ ಶಬ್ದಾ ನಾನ ಆಮ್ಯಾಲೆ ಬರ್ದೆ" ಎಂದೆ.

ಅವಳು ಸಿಟ್ಟು ಮಾಡಲಿಲ್ಲ. ಫೋನಿನ ಮೇಲೆ ಕಣ್ಣಿಟ್ಟೇ ಹೇಳಿದಳು, "ನಮ್ಮಪ್ಪ ಕೇಳಿದ್ರು ಆವತ್ತ— ಇಷ್ಟ ಓದಿದಾಕಿ, ಒಂದ್ ಶಬ್ದಾ ಬಿಟ್ಟ ಓದಿದೇನವಾ ಅಂತ. ಇಲ್ಲ ಅಂದ್ನಿ. ನಂಬಲಿಲ್ಲ. ದಿನಾ ಅಂದು ಅಂದು... ನನಗೂ ಅನಮಾನ ಬಂತ್ರಿ. ಇರಬೇಕು, ನಾನ ನೋಡಿರಲಿಕ್ಕಿಲ್ಲ ಅಂತ." ಫೋನು ನನ್ನ ಕೈಗೆ ಕೊಡುತ್ತ, "ಈಗ ಅಪ್ಪ ಇಲ್ರಿ. ಹ್ವಾದ ವರ್ಷ ತೀರಕೊಂಡ್ರು."

ನಾನು ಅವಳ ಕೆಲಸ ಕಳೆದೆ ಎಂದುಕೊಂಡಿದ್ದೆ. ಕಳೆದದ್ದು ಅವಳ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆ. ಆರು ವರ್ಷ ಅವಳು ಪ್ರತಿ ಚೀಟಿ, ಪ್ರತಿ ಬೋರ್ಡು ಎರಡೆರಡು ಸಲ ಓದಿದ್ದಾಳೆ. ಪೈಪಿನ ಮೇಲೆ ಎರಡೆರಡು ಕಡೆ ಬರೆದದ್ದು ಅದಕ್ಕೇ. ಕ್ಷಮಿಸು ಎನ್ನಬೇಕೆಂದಿದ್ದೆ. ಕ್ಷಮೆ ಕೇಳಿದರೆ ಮತ್ತೆ ಅವಳೇ ಏನನ್ನೋ ಕೊಡಬೇಕಾಗುತ್ತದೆ ಅನಿಸಿ ಕೇಳಲಿಲ್ಲ.

ಹೊರಡುವಾಗ ಅವಳೇ ಅಂದಳು, "ಕಾಲೇಜಿನಾಗ ಏನ್ ಹೇಳ್ತೀರೋ ಅದು ನಿಮಗ ಬಿಟ್ಟದ್ದು. ನನಗ ಒಂದ್ ಮಾಡ್ರಿ. ಆ ಹಾಳಿ ಮದ್ಲ ಹೆಂಗಿತ್ತೋ ಹಂಗ ಬರದು ಕೊಡ್ರಿ. ನಿಮ್ಮ ಕೈಲೆ. ಕೆಳಗ ಸಹಿ ಇರಲಿ. ಅಪ್ಪನ ಫೋಟೋ ಬಾಜೂಕ ಹಚ್ಚತೇನಿ."

ಕಾಲೇಜಿಗೆ ಪತ್ರ ಬರೆದು ಕೊಟ್ಟಾಗಿದೆ, ಫೋಟೋ ಜೊತೆಗೆ. ಅವರು ಏನು ಮಾಡುತ್ತಾರೋ ಮಾಡಲಿ. ಅವಳ ಹಾಳೆಯನ್ನು ಇವತ್ತು ಮುಂಜಾನೆ ಕೂತು ಬರೆದೆ. ಎಂಟು ಸಾಲು. ಐದು ಸಾಲಿನವರೆಗೆ ಕೈ ಸಲೀಸಾಗಿ ಹೋಯಿತು. ಆರನೆಯದರ ಅಕ್ಷರ ಸೊಟ್ಟ ಬಂದಿವೆ. ಬೇರೆ ಹಾಳೆ ತೆಗೆದುಕೊಂಡು ಅಂದವಾಗಿ ಬರೆಯಬಹುದಿತ್ತು, ಬರೆಯಲಿಲ್ಲ. ನೀರು ಬಿಡಿ ಎಂದಷ್ಟೇ ಬರೆದು ಕೆಳಗೆ ಸಹಿ ಮಾಡಿದ್ದೇನೆ. ಸಾಲಿನ ಮೇಲಿನ ಜಾಗ ಖಾಲಿ ಬಿಟ್ಟಿದ್ದೇನೆ.