ಚಾವಡಿಯಲ್ಲಿ ಗಿಟಾರು

ಮೊನ್ನೆ ಬಂಟ್ವಾಳದಿಂದ ಬೆಳ್ತಂಗಡಿಗೆ ಬರುವ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿತ್ತು. ಪುಂಜಾಲಕಟ್ಟೆಯಲ್ಲಿ ಹತ್ತಿದ ಹುಡುಗಿಯೊಬ್ಬಳು, "ಅಜ್ಜಿ, ಇದೊಂದು ಹಿಡ್ಕೊಳ್ತೀರಾ?" ಎಂದು ಬೆನ್ನಿನ ಕಪ್ಪು ಚೀಲವನ್ನು ನನ್ನ ಮಡಿಲಿಗಿಳಿಸಿದಳು. ನಿಂತವರ ಸಾಮಾನು ಕೂತವರ ಮಡಿಲಿಗೆ ಬರುವುದು ನಮ್ಮ ಕಡೆ ವಿಶೇಷವಲ್ಲ. ಆದರೆ ಒಳಗಿದ್ದದ್ದು ಗಿಟಾರು. ಬಟ್ಟೆಯ ಮೇಲಿನಿಂದಲೇ ಕೈಗೆ ಗೊತ್ತಾಯಿತು.

ನೀವು ನಂಬಲಿಕ್ಕಿಲ್ಲ, ಅರುವತ್ತರ ದಶಕದ ಆರಂಭದಲ್ಲಿ ನಾನು ಮದರಾಸಿನ ಕಾಲೇಜೊಂದರಲ್ಲಿ ಪಾಶ್ಚಾತ್ಯ ಸಂಗೀತದ ಪದವಿಗೆ ಸೇರಿದ್ದೆ. ನನ್ನ ವಾದ್ಯ ಗಿಟಾರು. ಮೂಡುಬಿದಿರೆಯ ಶಾಲೆಯಲ್ಲಿ ಸಿಸಿಲಿಯಾ ಟೀಚರು ಹಿಡಿಸಿದ ಹುಚ್ಚು ಅದು. ಮನೆಗೆ ಬಂದವರಿಗೆಲ್ಲ ಅಮ್ಮ, "ಅದು ವೀಣೆಯ ಜಾತಿಯದ್ದೇ" ಎಂದು ಸಮಜಾಯಿಷಿ ಕೊಡುತ್ತಿದ್ದರು. ನಾನೋ, ಒಂದೇ ವರ್ಷದ ವಿದ್ಯೆಗೆ ಒಂದೂರಿನಷ್ಟು ಜಂಬ ಕಟ್ಟಿಕೊಂಡಿದ್ದೆ.

ನಮ್ಮದು ಅಳಿಯಸಂತಾನದ ಕುಟುಂಬ. ಯಜಮಾನಿಕೆ ತೋಡಾರಿನಲ್ಲಿದ್ದ ಸೋದರಮಾವನದು. ಮೊದಲ ವರ್ಷದ ರಜೆಗೆ ನಾನು ಬರುವಷ್ಟರಲ್ಲಿ ಯಾವುದೋ ಮದುವೆಮನೆಯಲ್ಲಿ ಯಾರೋ ಅವರನ್ನು, "ನಿಮ್ಮ ಹುಡುಗಿ ಬ್ಯಾಂಡಿಗೆ ಸೇರ್ತಾಳಂತೆ?" ಎಂದು ಕೆಣಕಿದ್ದರು. ಇನ್ನು ಓದು ಸಾಕು ಎಂದು ನೆಂಟರೆಲ್ಲ ಒಂದೇ ಮಾತು. ಮಾವ ಮಾತ್ರ ನನ್ನನ್ನು ಕರೆಸಿದರು. "ನುಡಿಸು, ಕೇಳುವ. ಮತ್ತೆ ಹೇಳ್ತೇನೆ."

ತೋಡಾರಿನ ಮನೆಯ ಚಾವಡಿಯಲ್ಲಿ ಮಾವ, ಇಬ್ಬರು ಹಿರಿಯ ನೆಂಟರು, ಬಾಗಿಲ ಹಿಂದೆ ಅಮ್ಮ. ಸುಲಭದ್ದನ್ನು ನುಡಿಸಿ ಪಾರಾಗಬಹುದಿತ್ತು. ಜಂಬ ಬಿಡಬೇಕಲ್ಲ, ಬಲು ಕಠಿಣದ್ದನ್ನೇ ಎತ್ತಿಕೊಂಡೆ. ನಡುವೆ ಬೆರಳು ಜಾರಿತು. ನಿಲ್ಲಿಸಿ ಆ ಸಾಲನ್ನು ಮೊದಲಿನಿಂದ ಹಿಡಿದೆ. ಅಲ್ಲಿಯೇ ಮತ್ತೆ ತಪ್ಪಿತು. ಮತ್ತೆ ಹಿಡಿದೆ. ಅಂತೂ ದಾಟಿತು.

ಮಾವ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು. ಆಮೇಲೆ ಕೇಳಿದರು: "ಚೆಂದವೋ ಅಲ್ಲವೋ ನನಗೆ ತಿಳಿಯುವುದಿಲ್ಲ ಮಗಾ. ನಡುವೆ ನಿಲ್ಲಿಸಿದ್ದು ಯಾಕೆ?"

"ತಪ್ಪಿತು ಮಾವ."

"ನಮಗೆ ಯಾರಿಗೂ ಗೊತ್ತಾಗ್ಲಿಲ್ಲವಲ್ಲ. ಹಾಗೆಯೇ ಮುಂದೆ ಹೋಗಬಹುದಿತ್ತು."

"ನನಗೆ ಗೊತ್ತಾಯ್ತಲ್ಲ."

ಅವರು ನೆಂಟರ ಕಡೆ ತಿರುಗಿದರು. "ಕೇಳಿದಿರಾ? ಇವಳನ್ನು ಅರ್ಧಕ್ಕೆ ಬಿಡಿಸ್ಲಿಕ್ಕೆ ನನ್ನಿಂದಾಗುವುದಿಲ್ಲ ಮಾರಾಯರೇ. ಹೋಗಿ ಮುಗಿಸಿ ಬರ್ಲಿ." ಬಾಗಿಲ ಹಿಂದೆ ಅಮ್ಮ ಮೂಗೆಳೆದುಕೊಂಡದ್ದು ಕೇಳಿಸಿತು.

ಮುಗಿಸಿ ಬಂದೆ. ಮೂಡುಬಿದಿರೆಯಲ್ಲಿ ಮಕ್ಕಳಿಗೆ ಕಲಿಸತೊಡಗಿದೆ. ಪೇಟೆಗೆ ಬಂದಾಗಲೆಲ್ಲ ಮಾವ ಹೊರಗಿನ ಜಗಲಿಯಲ್ಲಿ ಕೂತು ನಾನು ನುಡಿಸುವುದನ್ನು ಕೇಳುತ್ತಿದ್ದರು. ಕೊನೆಯವರೆಗೂ ಅವರಿಗೆ ಸ್ವರದ ಗಂಧಗಾಳಿ ತಿಳಿಯಲಿಲ್ಲ. ಒಮ್ಮೆ ಹೊರಡುವಾಗ, "ಇವತ್ತು ಎಷ್ಟು ಸಲ ನಿಲ್ಲಿಸಿದಿ?" ಎಂದರು.

"ಒಮ್ಮೆಯೂ ಇಲ್ಲ ಮಾವ," ಎಂದೆ, ಹೆಮ್ಮೆಯಿಂದ.

"ಹಾಗಾದರೆ ಸುಲಭದ್ದನ್ನೇ ನುಡಿಸಿದ್ದಿ," ಎಂದು ಕೊಡೆ ಬಿಡಿಸಿ ನಡೆದರು.

ಆಗ ನಕ್ಕುಬಿಟ್ಟಿದ್ದೆ. ಮೊನ್ನೆ ಬಸ್ಸಿನ ಹುಡುಗಿಗೆ ಚೀಲ ಮರಳಿಸಿ ಮನೆಗೆ ಬಂದು ಯೋಚಿಸಿದರೆ, ಎಷ್ಟೋ ವರ್ಷಗಳಿಂದ ನಾನು ಎಲ್ಲಿಯೂ ನಿಲ್ಲದೆ ನುಡಿಸುತ್ತಿದ್ದೇನೆ. ಬೆರಳಿಗೆ ಬಾಯಿಪಾಠವಾದ ಅವೇ ನಾಲ್ಕು ರಚನೆಗಳು. ಕೇಳಿದವರು ಈ ಪ್ರಾಯದಲ್ಲಿ ಎಷ್ಟು ಚೆಂದ ಎನ್ನುತ್ತಾರೆ, ನಾನೂ ಒಪ್ಪಿಕೊಂಡು ಕಾಫಿ ಕೊಡುತ್ತೇನೆ.

ಇವತ್ತು ಬೆಳಿಗ್ಗೆ ಎಂದೂ ಕೈಹಾಕದ ಒಂದು ರಚನೆಯನ್ನು ಎದುರಿಗಿಟ್ಟುಕೊಂಡು ಕೂತೆ. ಎರಡನೆಯ ಸಾಲಿನಲ್ಲೇ ತಪ್ಪಿತು. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ನಿಲ್ಲಿಸಿದೆ, ಮತ್ತೆ ಹಿಡಿದೆ.