ದ್ರಾಕ್ಷಾಯಿಣಿ ಚಿಗವ್ವ ಮತ್ತು ತೆರೆದ ಬಾಗಿಲು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಬರೆಯುವಾಗ ಕೈ ಬೆವರಿ ಶಾಯಿ ಹರಡುತ್ತದೆ. ಪಿಯುಸಿ ಮೊದಲನೇ ವರ್ಷವನ್ನು ಅರ್ಧಕ್ಕೆ ಬಿಟ್ಟವಳು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ನಮ್ಮ ಓಣಿಯ ವಾಚನಾಲಯದವರು ವರ್ಷಕ್ಕೊಮ್ಮೆ ತರುವ ಕೈಬರಹದ ಪತ್ರಿಕೆಗೆ, ನಿಮಗೆ ಹತ್ತಿರದಿಂದ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದಾರೆ. ನಾನು ನನ್ನ ಅವ್ವನ ತಂಗಿ ದ್ರಾಕ್ಷಾಯಿಣಿ ಚಿಗವ್ವನ ಬಗ್ಗೆ ಬರೆಯುತ್ತೇನೆ. ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿದ್ದೇನೆ. ಎರಡು ಕಡೆ ಅವಳೇ ತಿದ್ದಿಸಿದಳು.

ಹೊಸಬರು ನಮ್ಮ ಬ್ಯಾಡಗಿಗೆ ಬಂದರೆ ಸೀನುತ್ತಾರೆ. ಸುಗ್ಗಿಯ ತಿಂಗಳುಗಳಲ್ಲಿ ಇಲ್ಲಿ ಗಾಳಿಯಲ್ಲೇ ಮೆಣಸಿನಕಾಯಿ ಇರುತ್ತದೆ. ಊರಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಚಿಗವ್ವ ಹತ್ತು ವರ್ಷ ಮಾರ್ಕೆಟ್ ಯಾರ್ಡಿನ ಹತ್ತಿರದ ಶೆಡ್ಡಿನಲ್ಲಿ ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದವಳು. ಒಂದು ಕಾಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಬೀಜದ ಸಪ್ಪಳ ಕೇಳಿಯೇ ಅದು ಎಷ್ಟು ಒಣಗಿದೆ ಎಂದು ಹೇಳುತ್ತಿದ್ದಳು. ಹೊರ ಊರಿನ ವ್ಯಾಪಾರಿ ಶೆಡ್ಡಿನ ಬಾಗಿಲಲ್ಲಿ ನಿಂತು ಸೀನಿದರೆ, “ಸೀನ್ರಿ ಸಾವಕಾರ್ರ, ಸೀನ್ರಿ. ನಮ್ಮ ಮೆಣಸಿನಕಾಯಿ ನಿಮ್ಮನ್ನ ಮಾತಾಡಸಾಕತ್ತೈತಿ” ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಅವಳ ಗೆಳತಿ ಮೈಮುನಾಬಿ, “ಏ ದ್ರಾಕ್ಷಿ, ಬಾಯಿ ಮುಚ್ಚ. ನಾಳಿಗೆ ಇಬ್ರನ್ನೂ ಮನಿಗೆ ಕಳಸ್ತಾರ” ಎಂದು ತೊಡೆಗೆ ಚಿವುಟುತ್ತಿದ್ದಳಂತೆ.

ಚಿಗವ್ವನ ಗಂಡ ಕೊಟ್ರೇಶ ಕಾಕಾ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಅದಕ್ಕಾಗಿ ಚಿಗವ್ವ ಮತ್ತು ಅವಳ ಏಳು ವರ್ಷದ ಮಗಳು ಶ್ರೀದೇವಿ ನಮ್ಮ ಮನೆಯಲ್ಲೇ ಇರುತ್ತಾರೆ. ಶಾಲೆಗೆ ರಜೆ ಇದ್ದ ದಿನ ಶ್ರೀದೇವಿಯನ್ನು ನೋಡಿಕೊಳ್ಳುತ್ತಿದ್ದವಳು ನಾನು. ಹೋದ ಫೆಬ್ರುವರಿಯಲ್ಲಿ ಅವಳಿಗೆ ರಜೆ ಇದ್ದ ಒಂದು ದಿನ ನನಗೆ ಪರೀಕ್ಷೆ ಇತ್ತು. ಚಿಗವ್ವ ಅವಳನ್ನು ತನ್ನ ಜೊತೆಗೆ ಶೆಡ್ಡಿಗೆ ಕರೆದುಕೊಂಡು ಹೋದಳು.

ಆ ದಿನವೇ ಶೆಡ್ಡಿಗೆ ಬೆಂಕಿ ಬಿತ್ತು.

ಮುಂದಿನ ಬಾಗಿಲ ಹತ್ತಿರ ಚೀಲಗಳು ಹೊತ್ತಿಕೊಂಡವು. ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಮೆಣಸಿನಕಾಯಿ ಸುಟ್ಟ ಹೊಗೆ ಹೇಗಿರುತ್ತದೆ ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಒಲೆಯಲ್ಲಿ ಎರಡು ಕಾಯಿ ಬಿದ್ದರೆ ಮನೆಯವರೆಲ್ಲ ಕೆಮ್ಮುತ್ತಾರೆ. ಅಲ್ಲಿ ನೂರಾರು ಚೀಲ ಇದ್ದವು. ಹೊರಗಿನವರು ಹಿಂದಿನ ಬಾಗಿಲು ಒಡೆಯುವವರೆಗೆ ಚಿಗವ್ವ ಒಂದು ಕೈಯಲ್ಲಿ ಮಗಳನ್ನು, ಇನ್ನೊಂದು ಕೈಯಲ್ಲಿ ಮೈಮುನಾಬಿಯನ್ನು ಹಿಡಿದುಕೊಂಡು ನೆಲಕ್ಕೆ ಮುಖ ಹಚ್ಚಿ ಮಲಗಿದ್ದಳು. ಚಿಗವ್ವ ಮತ್ತು ಶ್ರೀದೇವಿ ಹೊರಗೆ ಬಂದರು. ಮೈಮುನಾಬಿ ಬರಲಿಲ್ಲ.

ಇಬ್ಬರ ಮೈಮೇಲೂ ಸುಟ್ಟ ಗಾಯಗಳು ಹೆಚ್ಚಿರಲಿಲ್ಲ. ಹದಿನೈದು ದಿನದಲ್ಲಿ ಮಾಯ್ದವು. ದೇವರು ದೊಡ್ಡವನು ಎಂದು ಎಲ್ಲರೂ ಹೇಳಿ ಹೋದರು. ಆಮೇಲೆ ಬೇರೆಯೇ ಶುರುವಾಯಿತು.

ಚಿಗವ್ವ ಮನೆಯ ಯಾವ ಬಾಗಿಲನ್ನೂ ಮುಚ್ಚಗೊಡುತ್ತಿರಲಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲಿಗೆ ಸೀರೆ ಇಳಿಬಿಟ್ಟು, ನಾನು ಹೊರಗೆ ಕಾವಲು ಕೂಡಬೇಕು. ಕುಕ್ಕರ್ ಸೀಟಿ ಹೊಡೆದರೆ ಗೋಡೆಗೆ ಆತುಕೊಳ್ಳುತ್ತಿದ್ದಳು. ಮಾರ್ಕೆಟ್ ಯಾರ್ಡಿನ ಕಡೆಯ ರಸ್ತೆ ಬೇಡವೆಂದು ಊರೆಲ್ಲ ಸುತ್ತಿ ಹೋಗುತ್ತಿದ್ದಳು. ನಗಿಸುತ್ತಿದ್ದವಳು ಸಣ್ಣ ಮಾತಿಗೂ ಸಿಡುಕುತ್ತಿದ್ದಳು. ಕೆಲವು ಸಲ ಕರೆದರೂ ಕೇಳಿಸದವಳಂತೆ ಕೂತುಬಿಡುತ್ತಿದ್ದಳು. ನಿದ್ದೆ ಹತ್ತಿದರೆ ಕೂಗಿಕೊಂಡು ಏಳುತ್ತಿದ್ದಳು.

ಶ್ರೀದೇವಿಯದು ಇನ್ನೊಂದು ತರಹ. ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳಲು ಶುರು ಮಾಡಿದಳು. ತರಗತಿಯ ಬಾಗಿಲು ಮುಚ್ಚಿದರೆ ಕಿರುಚುತ್ತಾಳೆಂದು ಶಾಲೆಯಿಂದ ಕಳಿಸಿದರು. ಮನೆಯಲ್ಲಿ ದಿನವೂ ಒಂದೇ ಆಟ. ದಿಂಬುಗಳನ್ನು ಚೀಲದಂತೆ ಪೇರಿಸುವುದು, ನಡುವೆ ಗೊಂಬೆಯನ್ನು ಮಲಗಿಸುವುದು, ಬಾಗಿಲು ಬಡಿದಂತೆ ನೆಲ ಬಡಿಯುವುದು. “ತಗೀರಿ, ತಗೀರಿ” ಎನ್ನುವುದು. ಕೊನೆಗೆ, “ಮೈಮುನಾ ಕಾಕಿ ಹೊರಗ ಬರಲಿಲ್ಲ. ಆಟ ಮುಗೀತು” ಎಂದು ಹೇಳಿ ಮತ್ತೆ ಮೊದಲಿನಿಂದ ದಿಂಬು ಪೇರಿಸುವುದು. ಅಪಶಕುನದ ಆಟ ಎಂದು ನನ್ನ ಅವ್ವ ಪ್ರೇಮವ್ವ ಒಂದು ದಿನ ಅವಳಿಗೆ ಹೊಡೆದಳು. ಹುಡುಗಿ ಅಳಲಿಲ್ಲ. ಮಂಚದ ಕೆಳಗೆ ಹೋಗಿ ಅಲ್ಲಿ ಆಡಿದಳು.

ಇವರಿಬ್ಬರನ್ನೂ ಬಿಟ್ಟು ಕಾಲೇಜಿಗೆ ಹೋದರೆ ಏನಾಗುತ್ತದೋ ಎಂದು ನನಗೆ ಹೆದರಿಕೆಯಾಯಿತು. ಉಳಿದ ಪರೀಕ್ಷೆಗೆ ನಾನು ಹೋಗಲಿಲ್ಲ.

ಮಾರ್ಚ್‌ನಲ್ಲಿ ಚಿಗವ್ವನ ಅತ್ತೆ ಶೇಖವ್ವ ಐರಣಿಯಿಂದ ಬಂದರು. ಐರಣಿ ರಾಣೆಬೆನ್ನೂರಿನ ಆಚೆ ಹೊಳೆಯ ದಂಡೆಯ ಊರು. ಶೇಖವ್ವ ಆಯಿ ಮೊಮ್ಮಗಳ ಮುಖ ಹಿಡಿದು ನೋಡಿ ನನ್ನ ಅವ್ವನಿಗೆ ಹೇಳಿದರು, “ತಾಯಿ ಮಗಳು ಬೆಂಕ್ಯಾಗಿಂದ ಎದ್ದು ಬಂದ್ರು ಅಂತ ಊರ ಮಂದಿ ಎಲ್ಲಾ ಬಂದು ನೋಡಿ ಹೋಗ್ಯಾರ. ನದರ ಆಗೈತಿ. ಯಾರೂ ತಗದಿಲ್ಲೇನ?”

ಯಾರೂ ದೃಷ್ಟಿ ತೆಗೆದಿರಲಿಲ್ಲ. ಆಯಿ ನನ್ನನ್ನು ಕರೆದರು. “ಏ ಪುಷ್ಪಾ, ನೀ ಸಮಾಧಾನದ ಹುಡುಗಿ. ನೀನ ಮಾಡ.”

ಯಾರಾದರೂ ಕೆಲಸ ಹೇಳಿದರೆ ನಾನು ತಪ್ಪಿಲ್ಲದಂತೆ ಮಾಡಲು ನೋಡುತ್ತೇನೆ. ಹರಿಯದ, ತೊಟ್ಟಿರುವ ಏಳು ಮೆಣಸಿನಕಾಯಿ ಆರಿಸಿದೆ. ಉಪ್ಪು, ಸಾಸಿವೆ ಸೇರಿಸಿ ಮುಷ್ಟಿಯಲ್ಲಿ ಹಿಡಿದೆ. ಇಬ್ಬರನ್ನೂ ಬಚ್ಚಲ ಒಲೆಯ ಮುಂದೆ ಕೂಡಿಸಿ ಮೂರು ಸಲ ಇಳಿಸಿದೆ. ಗಾಳಿಗೆ ಹೊಗೆ ಚದುರಬಾರದೆಂದು, ಚಿಗವ್ವನಿಗೆ ತಿಳಿಯದಂತೆ ಅವಳ ಬೆನ್ನ ಹಿಂದಿನ ಹಿತ್ತಿಲ ಬಾಗಿಲನ್ನೂ ಮೆಲ್ಲಗೆ ಮುಚ್ಚಿದೆ. ಆಮೇಲೆ ಎಲ್ಲವನ್ನೂ ಕೆಂಡಕ್ಕೆ ಹಾಕಿದೆ.

ನಮ್ಮಲ್ಲಿ ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತು ಎನ್ನುತ್ತಾರೆ. ಘಾಟು ಬಂತು. ಚಿಗವ್ವನ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಅವಳು ಮಗಳನ್ನು ಎತ್ತಿಕೊಂಡು, ಬಾಗಿಲನ್ನು ಭುಜದಿಂದ ಗುದ್ದಿ, ಹಿತ್ತಿಲು ದಾಟಿ ರಸ್ತೆಗೆ ಓಡಿದಳು. ಲಾರಿಯೊಂದು ಬ್ರೇಕ್ ಹಾಕಿದ ಸಪ್ಪಳ ಒಳಗಿದ್ದ ನನಗೆ ಕೇಳಿಸಿತು. ಓಡಿ ಹೋಗಿ ನೋಡಿದರೆ ಲಾರಿ ಅವರಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಚಿಗವ್ವ ಬಿದ್ದಿದ್ದಳು. ಶ್ರೀದೇವಿಯ ಮೊಣಕಾಲಿನಿಂದ ರಕ್ತ ಸೋರುತ್ತಿತ್ತು.

ಶೇಖವ್ವ ಆಯಿ ಮೊಮ್ಮಗಳನ್ನು ಕಸಿದುಕೊಂಡರು. “ಇಕಿಗೆ ಹುಚ್ಚ ಹಿಡದೈತಿ. ಇವತ್ತ ಲಾರಿ, ನಾಳೆ ಬಾವಿ. ನಾ ಕೂಸಿನ್ನ ಇಲ್ಲಿ ಬಿಡೂದಿಲ್ಲ.”

ಅವ್ವ ಕೈ ಮುಗಿದಳು. ಕೊಟ್ರೇಶ ಕಾಕಾನಿಗೆ ಫೋನ್ ಹೋಯಿತು. ಕೊನೆಗೆ ಆಯಿ, “ಶಾಲಿ ತಗಿಯೂತನಾ ನೋಡ್ತೇನಿ. ಅಷ್ಟರಾಗ ಇಕಿ ಸುಧಾರಿಸಿದ್ರ ಸರಿ. ಇಲ್ಲಂದ್ರ ಶ್ರೀದೇವಿ ಐರಣಿ ಶಾಲಿಗೆ ಹೋಗ್ತಾಳ” ಎಂದು ಹೋದರು. ಚಿಗವ್ವ ಅವರ ಬೆನ್ನನ್ನೇ ನೋಡುತ್ತಿದ್ದಳು. “ಪುಷ್ಪಾ, ಅಕಿನ್ನೂ ಕೈ ಬಿಟ್ರ ನಾ ಯಾತಕ್ಕ ಬದುಕಿ ಉಳದೆ?” ಎಂದಳು. ‘ಅಕಿನ್ನೂ’ ಎಂದು ಯಾಕೆ ಹೇಳಿದಳೆಂದು ಆಗ ನನಗೆ ತಿಳಿಯಲಿಲ್ಲ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಮುಂದಿನ ಬುಧವಾರ ನಾನು ಅವರಿಬ್ಬರನ್ನೂ ಹಾವೇರಿಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಚಿಗವ್ವ ಬಾಗಿಲ ಪಕ್ಕದ ಸೀಟು ಬಿಟ್ಟು ಬೇರೆಲ್ಲೂ ಕೂಡಲಿಲ್ಲ.

ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಚಿಗವ್ವ ಬಾಗಿಲ ಕಡೆ ನೋಡುವುದನ್ನು ಕಂಡು, ಕೇಳದೆಯೇ ಎದ್ದು ಬಾಗಿಲು ತೆರೆದು ಪರದೆ ಎಳೆದರು. ಅಷ್ಟಕ್ಕೇ ಚಿಗವ್ವನ ಭುಜ ಸ್ವಲ್ಪ ಇಳಿಯಿತು. ನಡೆದದ್ದನ್ನೆಲ್ಲ ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅದರ ಕೊನೆಯ ಸಾಲು ಹೀಗಿತ್ತು: ‘ಮೆಣಸಿನಕಾಯಿ ಸುಟ್ಟವಳು ನಾನು. ಬಾಗಿಲು ಮುಚ್ಚಿದವಳೂ ನಾನೇ.’ ಡಾಕ್ಟರು ಆ ಸಾಲನ್ನು ಎರಡು ಸಲ ಓದಿದರು.

“ನೀ ಕೆಟ್ಟದ್ದು ಮಾಡಬೇಕಂತ ಮಾಡಿಲ್ಲವ್ವಾ. ಆದ್ರ ತಿಳಕೋ. ಬೆಂಕಿ ಆರಿದ್ದು ಇವರ ತಲಿಗೆ ಗೊತ್ತೈತಿ, ಮೈಗೆ ಇನ್ನೂ ಗೊತ್ತಾಗಿಲ್ಲ. ಆ ವಾಸನಿ ಬಂದ ಕೂಡ್ಲೆ ಮೈ ಮತ್ತ ಶೆಡ್ಡಿನೊಳಗ ಹೋಗತೈತಿ. ಅದಕ್ಕ ಓಡ್ಯಾರ. ಇದು ಹುಚ್ಚಲ್ಲ.”

ದೊಡ್ಡ ಆಘಾತವಾದ ಮೇಲೆ ಕೆಲವರಿಗೆ ಹೀಗೆ ಆಗುತ್ತದೆ, ದೊಡ್ಡವರಿಗೂ ಆಗುತ್ತದೆ, ಮಕ್ಕಳಿಗೂ ಆಗುತ್ತದೆ, ಇದಕ್ಕೆ ಚಿಕಿತ್ಸೆ ಇದೆ ಎಂದರು. ದೊಡ್ಡವರು ನೆನಪಿನಿಂದ ತಪ್ಪಿಸಿಕೊಂಡು ಓಡಾಡುತ್ತಾರಂತೆ. ಮಕ್ಕಳು ಹೇಳಲು ಮಾತು ಸಾಲದೆ ಆಟದಲ್ಲಿ ಹೇಳುತ್ತಾರಂತೆ. “ಆ ಆಟಕ್ಕ ಹೊಡೀಬ್ಯಾಡ್ರಿ. ಜೋಡಿ ಕೂತು ಆಡ್ರಿ. ಆಕಿ ಆಟ ಮುಗೀತು ಅಂದಾಗ, ಹೊರಗ ಬಂದವರಿಗೆ ಮುಂದ ಏನಾತು ಅಂತ ಕೇಳ್ರಿ” ಎಂದರು.

ಅವತ್ತೇ ಸಂಜೆ ನಾನು ದಿಂಬಿನ ಪಕ್ಕ ಕೂತು ಕೇಳಿದೆ. ಶ್ರೀದೇವಿ ದಿಂಬುಗಳ ನಡುವಿನ ಗೊಂಬೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ, “ಅವ್ವಗ ನೀರು ಕುಡಿಸಿದ್ರು. ನನಗ ಯಾರೂ ಕುಡಿಸಲಿಲ್ಲ” ಎಂದಳು. ನಾನು ನೀರು ತಂದೆ. ಇಡೀ ಲೋಟ ಕುಡಿದಳು. ಅವತ್ತು ಆ ಆಟವನ್ನು ಮತ್ತೆ ಆಡಲಿಲ್ಲ.

ಚಿಗವ್ವನದು ನಿಧಾನ. ನಿದ್ದೆಗೆಂದು ಗುಳಿಗೆ ಕೊಟ್ಟರು. ವಾರಕ್ಕೊಮ್ಮೆ ಡಾಕ್ಟರ ಮುಂದೆ ಆ ದಿನದ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳಬೇಕು. ಎದೆ ಬಡಿದುಕೊಂಡಾಗ ಪಾದಗಳನ್ನು ನೆಲಕ್ಕೆ ಒತ್ತಿ, ಇವತ್ತು ಯಾವ ವಾರ, ಇದು ಯಾವ ಜಾಗ, ಬಾಗಿಲು ಹೇಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಮನೆಯಲ್ಲಿ ಒಂದು ಡಬ್ಬಿಯಲ್ಲಿ ಒಂದೇ ಒಂದು ಮೆಣಸಿನಕಾಯಿ ಇಟ್ಟು, ಮೊದಲು ದೂರದಿಂದ, ದಿನ ಕಳೆದಂತೆ ಹತ್ತಿರದಿಂದ ನೋಡಬೇಕು. ಸೊನ್ನೆಯಿಂದ ಹತ್ತರೊಳಗೆ ಹೆದರಿಕೆ ಎಷ್ಟು ಎಂದು ನಾನು ಕೇಳಿ ವಹಿಯಲ್ಲಿ ಬರೆಯುತ್ತಿದ್ದೆ. ಮೊದಲ ವಾರವೆಲ್ಲ ಒಂಬತ್ತು. ಒಂದು ದಿನ ಏಳಕ್ಕೆ ಇಳಿಯಿತು. ನಾನು ಖುಷಿಪಟ್ಟೆ. ಮರುದಿನ ಪಕ್ಕದ ಮನೆಯ ಒಗ್ಗರಣೆ ಸೀದು ಮತ್ತೆ ಹತ್ತಾಯಿತು. ಡಬ್ಬಿಯನ್ನು ಹಿತ್ತಿಲಿಗೆ ಎಸೆದು, “ಡಾಕ್ಟರಿಗೆ ಏನ್ ಗೊತ್ತು, ಅವರ ಬೆಂಕ್ಯಾಗ ಸಿಕ್ಕಾರೇನ?” ಎಂದು ನನ್ನ ಮೇಲೆ ಹರಿಹಾಯ್ದಳು. ಸಂಜೆ ತಾನೇ ಹುಡುಕಿ ತಂದಳು. “ಒಂದ ಕಾಯಿ ಐತಿ, ಎಷ್ಟ ಸೊಕ್ಕು ನೋಡ ಇದಕ್ಕ” ಎಂದಳು. ಬೆಂಕಿ ಬಿದ್ದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನಾನು ಅದನ್ನೂ ವಹಿಯಲ್ಲಿ ಬರೆದೆ.

ಆರನೇ ವಾರ ಡಾಕ್ಟರ ಕೋಣೆಯಿಂದ ಹೊರಗೆ ಬಂದವಳು ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಒಳಗೆ ಹೇಳಿದ್ದನ್ನು ನನಗೂ ಹೇಳಿದಳು. ಬಾಗಿಲು ಒಡೆದಾಗ ನೂಕುನುಗ್ಗಲಾಯಿತು. ಮಗಳನ್ನು ಎತ್ತಲು ಎರಡೂ ಕೈ ಬೇಕಾದವು. “ಮೈಮುನಾನ ಕೈ ನಾನ ಬಿಟ್ಟೆ ಪುಷ್ಪಾ. ಜಾರಲಿಲ್ಲ. ಬಿಟ್ಟೆ.” ಅವತ್ತಿನ ‘ಅಕಿನ್ನೂ’ ನನಗೆ ಆಗ ತಿಳಿಯಿತು. ಅವಳ ಕೈ ಹಿಡಿದುಕೊಂಡು ಬಸ್ಸಿನ ಹೊತ್ತಾಗುವವರೆಗೆ ಕೂತಿದ್ದೆ. ‘ಜಾರಲಿಲ್ಲ’ ಎಂಬ ಮಾತನ್ನು ಇಲ್ಲಿ ಸೇರಿಸು ಎಂದು ಹೇಳಿದವಳು ಚಿಗವ್ವನೇ.

ಮೇ ಮುಗಿಯುತ್ತಾ ಬಂತು. ಶಾಲೆ ತೆರೆಯುವ ದಿನ ಹತ್ತಿರವಾದಂತೆ ನನಗೂ ಊಟ ಸೇರುತ್ತಿರಲಿಲ್ಲ. ಮೊನ್ನೆ ಶನಿವಾರ ಬೆಳಿಗ್ಗೆ ಶೇಖವ್ವ ಆಯಿ ಬಂದರು. ಮೊಮ್ಮಗಳ ಬಟ್ಟೆಗೆಂದು ಖಾಲಿ ಚೀಲವೊಂದು ಕೈಯಲ್ಲಿತ್ತು. ಚಿಗವ್ವನನ್ನು ಮಾತಾಡಿಸಿದರು. ಆದರೆ ಎಲ್ಲ ಬಾಗಿಲುಗಳೂ ತೆರೆದಿದ್ದನ್ನು ನೋಡಿ ತಲೆ ಅಲ್ಲಾಡಿಸಿದರು.

“ಮಧ್ಯಾಹ್ನದ ಬಸ್ಸಿಗೆ ಕರಕೊಂಡ ಹೊಕ್ಕೇನಿ. ಊರ ದಾಟೂಕಿಂತ ಮೊದ್ಲ ಕೂಸಿಂದು ನದರ ತಗೀತೇನಿ” ಎಂದು ಮೊಮ್ಮಗಳನ್ನು ಕರೆದುಕೊಂಡು, ಸೆರಗಿನ ಗಂಟು ಬಿಚ್ಚುತ್ತಾ ಬಚ್ಚಲ ಕಡೆ ನಡೆದರು. ಗಂಟಿನಲ್ಲಿ ಮೆಣಸಿನಕಾಯಿ ಇದ್ದವು.

ನಾನು “ಆಯಿ, ಬ್ಯಾಡ್ರಿ” ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಹೆದರಿದಾಗ ನನ್ನ ದನಿ ಹಾಗೆಯೇ, ಕಾಲೇಜಿನಲ್ಲೂ ಹಾಗೆಯೇ ಇತ್ತು. ಆಯಿ ಶ್ರೀದೇವಿಯ ತಲೆಯ ಮೇಲೆ ಮೂರು ಸಲ ಇಳಿಸಿ ಒಲೆಗೆ ಹಾಕಿಬಿಟ್ಟರು.

ಘಾಟು ಪಡಸಾಲೆಗೆ ಬಂತು. ಚಿಗವ್ವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು. ತುಟಿ ಬೆಳ್ಳಗಾಗಿತ್ತು. ನಾನು ರಸ್ತೆಯ ಕಡೆಗೆ ಓಡಿ ಅಡ್ಡ ನಿಂತೆ. ಶ್ರೀದೇವಿ ಬಚ್ಚಲಿನಿಂದ ಕೆಮ್ಮುತ್ತಾ ಬಂದು ತಾಯಿಯ ಸೀರೆ ಹಿಡಿದಳು.

“ಅವ್ವಾ, ಪಾದಾ ಒತ್ತ.”

ಚಿಗವ್ವ ಒತ್ತಿದಳು. “ಇವತ್ತ ಶನಿವಾರ” ಎಂದಳು. “ಇದು ನಮ್ಮಕ್ಕನ ಮನಿ. ಬಾಗಿಲಾ ತಗದೈತಿ.”

“ಬಾಗಿಲಾ ತಗದೈತಿ” ಎಂದಳು ಶ್ರೀದೇವಿ.

ಇಬ್ಬರೂ ಕೈ ಹಿಡಿದುಕೊಂಡು ಹೊರಗೆ ಬಂದರು. ನಡೆದು ಬಂದರು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ಚಿಗವ್ವ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿಕೊಂಡೇ ಇದ್ದಳು. ಹಿಂದಿನಿಂದ ಶೇಖವ್ವ ಆಯಿ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಬಂದರು.

“ಖಾರಕ್ಕಲ್ಲ, ಬಣ್ಣಕ್ಕ ಹೆಸರಾದ ಕಾಯಿ, ಹಿಂಗ ಜೀವಾ ತಿಂತಾವು” ಎಂದವರು ಕಟ್ಟೆಯ ಕಡೆ ನೋಡಿ ನಿಂತರು. “ದ್ರಾಕ್ಷಾಯಿಣಿ, ಇವತ್ತ ಓಡಲಿಲ್ಲಲ್ಲವಾ?”

“ಓಡಬೇಕ ಅನಸ್ತು ಅತ್ತಿ. ಈಗೂ ಅನಸಾಕತ್ತೈತಿ.”

ಆಗ ನಾನು ಮಾತಾಡಿದೆ. ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. “ಆಯಿ, ಅವತ್ತ ಚಿಗವ್ವ ಓಡಿದ್ದು ಹುಚ್ಚಿಂದಲ್ರಿ. ಶೆಡ್ಡಿನ್ಯಾಗ ಇದ ಹೊಗಿ ಇತ್ತು, ಬಾಗಿಲಾ ಹಾಕಿತ್ತು. ನಾನೂ ಹೊಗಿ ಹಾಕಿದೆ, ಬಾಗಿಲಾ ಹಾಕಿದೆ. ತಪ್ಪು ನಂದು.”

ಆಯಿ ಕಟ್ಟೆಯ ತುದಿಗೆ ಕೂತರು. ಮೊಮ್ಮಗಳ ಮೊಣಕಾಲಿನ ಮಾಯ್ದ ಗಾಯದ ಮೇಲೆ ಕೈಯಾಡಿಸಿದರು.

“ಮಾಡಂದಾಕಿ ನಾನ ಅಲ್ಲೇನ” ಎಂದರು. ಆಮೇಲೆ, “ಬುಧವಾರ ಆ ಡಾಕ್ಟರಮ್ಮನ ಹತ್ರ ನಾನೂ ಬರ್ತೇನಿ. ಆಕಿ ಏನಂತಾಳ ಕೇಳೂತನಾ ಕೂಸು ಇಲ್ಲೇ ಇರಲಿ.”

ಖಾಲಿ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಹೋದರು. ಅವರು ಕಾಣದಾದ ಮೇಲೆ ಹೆದರಿಕೆ ಎಷ್ಟು ಎಂದು ಚಿಗವ್ವನನ್ನು ಕೇಳಿದೆ. ಎಂಟು ಎಂದಳು. ವಹಿಯಲ್ಲಿ ಎಂಟು ಎಂದೇ ಬರೆದಿದ್ದೇನೆ.

ಆಯಿ ಬುಧವಾರ ಏನು ನಿರ್ಧರಿಸುತ್ತಾರೋ ನನಗೆ ಗೊತ್ತಿಲ್ಲ. ಅದನ್ನು ನೆನೆದರೆ ಈಗಲೂ ಕೈ ಬೆವರುತ್ತದೆ. ಅವತ್ತು ಬೆಳಿಗ್ಗೆ ಎಂಟು ಗಂಟೆಗೆ ನಾನು ಬ್ಯಾಡಗಿ ಬಸ್ ನಿಲ್ದಾಣಕ್ಕೆ ಎಲ್ಲರಿಗಿಂತ ಮೊದಲು ಹೋಗಿ, ಹಾವೇರಿ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಹಿಡಿಯುತ್ತೇನೆ.